ಹೊರೆಯ ಮಿತಿ: ಅಮರೇಶ್ವರದ ಅಕ್ಕಿ, ವಿಮಾನದ ತಕ್ಕಡಿ

ಪ್ರಯಾಣಿಕ ಎಷ್ಟು ಹೊತ್ತೊಯ್ಯಬಹುದು ಎಂಬುದನ್ನು ಇಂದು ತಕ್ಕಡಿ ನಿರ್ಧರಿಸುತ್ತದೆ. ಭಾರತದೊಳಗೆ ಹಾರುವ ಅಗ್ಗದ ದರದ ವಿಮಾನಗಳಲ್ಲಿ ಸಾಮಾನ್ಯ ಟಿಕೆಟಿಗೆ ಲಗೇಜು 15 ಕೆ.ಜಿ., ಕೈಚೀಲ 7 ಕೆ.ಜಿ. ಅದಕ್ಕಿಂತ ಹೆಚ್ಚಾದರೆ ಕಿಲೋ ಲೆಕ್ಕದಲ್ಲಿ ಹಣ ತೆರಬೇಕು. ಹಿಮದ ಮೇಲೆ ಜಾರುವ ಸ್ಕೀ ಹಲಗೆ, ಅದರ ಬೂಟು, ಕೋಲುಗಳಂಥ ಉದ್ದನೆಯ ಸಾಮಾನಿಗೆ ಬೇರೆಯೇ ದರ. ಇದು ಮಿತಿ ಎನ್ನುವುದಕ್ಕಿಂತ ಬೆಲೆಪಟ್ಟಿ ಎನ್ನುವುದೇ ಸರಿ, ಏಕೆಂದರೆ ದುಡ್ಡಿದ್ದವರು ಇದನ್ನು ದಾಟುತ್ತಾರೆ. ಧರ್ಮಗಳು ಹೊರೆಯ ಪ್ರಶ್ನೆಯನ್ನು ಇನ್ನೊಂದು ಕಡೆಯಿಂದ ಕೇಳಿವೆ: ದುಡ್ಡು ಕೊಟ್ಟರೂ ದಾಟಬಾರದ ಗೆರೆ ಯಾವುದು, ಅದನ್ನು ಎಳೆಯಬೇಕಾದವರು ಯಾರು? ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿ ವಿಮಾನ ನಿಲ್ದಾಣವಿಲ್ಲ. ಆದರೂ ಈ ಪ್ರಶ್ನೆಗೆ ಕನ್ನಡದಲ್ಲಿ ಸಿಕ್ಕಿರುವ ಅತ್ಯಂತ ಖಚಿತವಾದ ಉತ್ತರ ಈ ಸೀಮೆಯದೇ.

ಸನ್ಯಾಸಿಯ ಹೊರೆಯನ್ನು ಹಲವು ಮತಗಳು ಎಣಿಸಿಟ್ಟಿವೆ. ಬೌದ್ಧ ಭಿಕ್ಷುವಿಗೆ ಎಂಟು ಪರಿಷ್ಕಾರಗಳು: ಮೂರು ಚೀವರ, ಭಿಕ್ಷಾಪಾತ್ರೆ, ಕ್ಷೌರದ ಕತ್ತಿ, ಸೂಜಿ, ಸೊಂಟಪಟ್ಟಿ, ನೀರು ಸೋಸುವ ಬಟ್ಟೆ. ದಿಗಂಬರ ಮುನಿಗೆ ನವಿಲುಗರಿಯ ಪಿಂಛಿ, ಕಮಂಡಲು, ಓದಲು ಶಾಸ್ತ್ರ; ವಾಹನ ಏರುವಂತಿಲ್ಲ. ಪತಂಜಲಿ ಯೋಗಸೂತ್ರದಲ್ಲಿ ಅಪರಿಗ್ರಹವು ಯಮಗಳಲ್ಲಿ ಐದನೆಯದು. ಇದರಲ್ಲೆಲ್ಲ ತೊಡಕೇನೂ ಇಲ್ಲ. ಎಲ್ಲವನ್ನೂ ಬಿಟ್ಟವನಿಗೆ ಎಷ್ಟು ಇಟ್ಟುಕೊಳ್ಳಬೇಕೆಂಬ ಚಿಂತೆ ಅಷ್ಟಾಗಿ ಕಾಡುವುದಿಲ್ಲ. ತೊಡಕು ಇರುವುದು ಸಂಸಾರಿಗೆ.

ಮಸ್ಕಿಯ ಬೆಟ್ಟದ ಬಂಡೆಯ ಮೇಲೆ ಮಾತನಾಡುವವನು ಅಂಥ ಒಬ್ಬ ಸಂಸಾರಿ. ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ 1915ರಲ್ಲಿ ಪತ್ತೆಹಚ್ಚಿದ ಈ ಶಾಸನದಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇತ್ತು. ಬಿರುದಿನ ಒಡೆಯ ಯಾರೆಂಬ ಇತಿಹಾಸಕಾರರ ಗೊಂದಲ ಅಲ್ಲಿಗೆ ತೀರಿತು. ತಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿತೆಂದು ಅದರಲ್ಲಿ ರಾಜ ಹೇಳಿಕೊಳ್ಳುತ್ತಾನೆ. ಧರ್ಮದಲ್ಲಿ ತೊಡಗಿದರೆ ಸಣ್ಣವನೂ ಈ ಫಲ ಪಡೆಯಬಲ್ಲ, ಇದು ದೊಡ್ಡವರಿಗೆ ಮಾತ್ರ ಎಂದು ತಿಳಿಯಬಾರದು ಎನ್ನುತ್ತಾನೆ. ರಾಜ್ಯ ಬಿಡದ ಉಪಾಸಕನ ಹೊರೆಗೆ ಅಳತೆ ಯಾವುದು ಎಂಬುದು ಮಾತ್ರ ಆ ಬಂಡೆಯ ಮೇಲಿಲ್ಲ.

ಜೈನರು ಅದನ್ನು ಅಳತೆ ಹಿಡಿದೇ ಹೇಳಿದರು. ಶ್ರಾವಕನ ಅಣುವ್ರತಗಳಲ್ಲಿ ಐದನೆಯದು ಪರಿಗ್ರಹ ಪರಿಮಾಣ. ಹೊಲ, ಮನೆ, ಬೆಳ್ಳಿ ಬಂಗಾರ, ದನಕರು, ದವಸ, ಬಟ್ಟೆ ಒಂದೊಂದಕ್ಕೂ ಗೃಹಸ್ಥ ತಾನೇ ಮಿತಿ ಹಾಕಿಕೊಂಡು ಅದನ್ನು ಮೀರದಿರುವುದು. ಅದರ ಜೊತೆಗೆ ದಿಗ್ವ್ರತ: ಯಾವ ದಿಕ್ಕಿಗೆ ಎಷ್ಟು ದೂರ ಹೋಗಬಹುದು ಎಂಬುದಕ್ಕೂ ಗೆರೆ. ಸಾಮಾನಿನ ಮಿತಿಯನ್ನೂ ಪ್ರಯಾಣದ ಮಿತಿಯನ್ನೂ ಒಟ್ಟಿಗೆ ಯೋಚಿಸಿದ ಜಾಣತನ ಇದು. ವಿಮಾನ ಕಂಪನಿಗಳು ಎರಡನೆಯದನ್ನು ಕೇಳಿದರೆ ಬೆಚ್ಚಿಬಿದ್ದಾವು.

ವ್ರತದ ಹೊರೆ ತಕ್ಕಡಿಯ ಹೊರೆಗೆ ನೇರವಾಗಿ ಎದುರಾಗುವ ಸಂದರ್ಭಗಳೂ ಉಂಟು. ಹಜ್ ಯಾತ್ರೆಯಲ್ಲಿ ಇಹ್ರಾಮ್ ಎಂಬ ವ್ರತಸ್ಥಿತಿಗೆ ಬಂದ ಗಂಡಸಿಗೆ ಹೊಲಿಗೆಯಿಲ್ಲದ ಎರಡು ತುಂಡು ಬಟ್ಟೆ ಸಾಕು. ಮರಳುವಾಗ ತರುವ ಜಮ್‌ಜಮ್ ನೀರಿಗೆ ಐದು ಲೀಟರಿನ ಡಬ್ಬಿ ಎಂದು ನಿಗದಿಯಾಗಿದೆ. ಶಬರಿಮಲೆಯ ಮಾಲಾಧಾರಿಯ ಇರುಮುಡಿಯಲ್ಲಿ ಎರಡು ಗಂಟು: ಮುಂದಿನದರಲ್ಲಿ ತುಪ್ಪ ತುಂಬಿದ ತೆಂಗಿನಕಾಯಿ, ಪೂಜೆಯ ಸಾಮಾನು, ಹಿಂದಿನದರಲ್ಲಿ ತನ್ನ ದಾರಿಯ ಅಕ್ಕಿ ಬೇಳೆ. ದೇವರದು ಎಷ್ಟು, ತನ್ನದು ಎಷ್ಟು ಎಂಬ ವಿಂಗಡಣೆ ತಲೆಯ ಮೇಲೆಯೇ ಇರುತ್ತದೆ. ವಿಮಾನದಲ್ಲಿ ತಕರಾರು ಬಂದಿದ್ದು ದೇವರ ಗಂಟಿಗೆ. ಒಣಕೊಬ್ಬರಿ ತಾನಾಗಿ ಕಾವೇರಿ ಹೊತ್ತಿಕೊಳ್ಳಬಲ್ಲ ಸರಕುಗಳ ಪಟ್ಟಿಯಲ್ಲಿದೆ. ಇಡೀ ಕಾಯಿಯನ್ನೂ ಕೈಚೀಲದಲ್ಲಿ ಬಿಡುತ್ತಿರಲಿಲ್ಲ. ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ 2024ರ ಅಕ್ಟೋಬರಿನಲ್ಲಿ ಶಬರಿಮಲೆ ಯಾತ್ರಿಕರಿಗೆ ತಪಾಸಣೆಯ ಷರತ್ತಿನ ಮೇಲೆ 2025ರ ಜನವರಿ 20ರವರೆಗೆ ವಿನಾಯಿತಿ ಕೊಟ್ಟಿತು. ನಿಯಮ ಬಗ್ಗಿತು, ಇರುಮುಡಿ ಬದಲಾಗಲಿಲ್ಲ.

ಇಷ್ಟರಲ್ಲಿ ಕಾಣುವುದು ಮಿತಿಯ ಎರಡು ಬಗೆ: ಹೊರಗಿನವರು ಹಾಕಿದ್ದು, ತಾನೇ ಹಾಕಿಕೊಂಡಿದ್ದು. ಮೂರನೆಯದೊಂದನ್ನು ಹನ್ನೆರಡನೆಯ ಶತಮಾನದಲ್ಲಿ ಹೇಳಿದವಳು ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮ. ಆಕೆ ಮತ್ತು ಗಂಡ ಮಾರಯ್ಯ ಲಿಂಗಸುಗೂರು ತಾಲ್ಲೂಕಿನ ಗುರುಗುಂಟಾ ಬಳಿಯ ಅಮರೇಶ್ವರದವರು. ಇಬ್ಬರ ಅಂಕಿತದಲ್ಲೂ ಅಮರೇಶ್ವರಲಿಂಗದ ಹೆಸರಿದೆ. ಊರು ಬಿಟ್ಟು ಕಲ್ಯಾಣಕ್ಕೆ ಹೋದ ಈ ದಂಪತಿಯ ಕಾಯಕ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು. ಐತಿಹ್ಯದ ಪ್ರಕಾರ ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಇಷ್ಟು ಅಕ್ಕಿಯ ಆಸೆ ಯಾಕೆ, ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದಳು. ಮಾರಯ್ಯ ಕಾಯಕವನ್ನು ಗುರು ಲಿಂಗ ಜಂಗಮಕ್ಕಿಂತ ಮೇಲಿಟ್ಟ ಶರಣ. ಅಂಥವನನ್ನೇ ತಿದ್ದಿದ ಮಾತು ಇದು.

ಈ ಕಥೆಯನ್ನು ಸಂತೃಪ್ತಿಯ ಪಾಠವೆಂದು ಹೇಳುವುದು ರೂಢಿ. ಹಾಗೆ ಹೇಳಿದರೆ ಕಥೆ ಸಪ್ಪೆಯಾಗುತ್ತದೆ. ಲಕ್ಕಮ್ಮ ಮನಸ್ಸಿನ ನೆಮ್ಮದಿಯ ಮಾತಾಡುತ್ತಿಲ್ಲ, ಲೆಕ್ಕದ ಮಾತಾಡುತ್ತಿದ್ದಾಳೆ. ಇಂದಿನ ದಾಸೋಹಕ್ಕೆ ಬೇಕಾದಷ್ಟು ಮಾತ್ರ ಇಂದಿನ ಕಾಯಕದ ಫಲ. ಅದಕ್ಕೂ ಮಿಕ್ಕಿ ತಂದರೆ ನಾಳೆಯ ಕಾಯಕವನ್ನು ಇವತ್ತೇ ಕದ್ದಂತೆ, ಇನ್ನೊಬ್ಬರು ಆಯ್ದುಕೊಳ್ಳಬಹುದಾಗಿದ್ದನ್ನು ಎತ್ತಿಕೊಂಡಂತೆ. ಗಮನಿಸಬೇಕಾದ್ದು ಪರಿಹಾರದ ರೀತಿ. ಹೆಚ್ಚಾದ ಅಕ್ಕಿಯನ್ನು ದಾನ ಮಾಡಿ ಪುಣ್ಯ ಕಟ್ಟಿಕೊಳ್ಳುವ ದಾರಿಯನ್ನೂ ಆಕೆ ತೆರೆದಿಡಲಿಲ್ಲ. ಅದು ಅಂಗಳಕ್ಕೇ ವಾಪಸ್ಸು ಹೋಗಬೇಕಾಯಿತು. ವಿಮಾನದ ಕೌಂಟರಿನಲ್ಲಿ ಇರುವ ಸೌಲಭ್ಯ, ಅಂದರೆ ಹೆಚ್ಚಿನ ತೂಕಕ್ಕೆ ಬೆಲೆ ತೆತ್ತು ಒಯ್ಯುವುದು, ಲಕ್ಕಮ್ಮನ ಮನೆಯಲ್ಲಿ ಇಲ್ಲ.

ಆದರೆ ಆ ಲೆಕ್ಕ ನಿಂತಿದ್ದು ಒಂದು ಭರವಸೆಯ ಮೇಲೆ. ನಾಳೆ ಬೆಳಗಾದರೆ ಅಂಗಳದಲ್ಲಿ ಮತ್ತೆ ಅಕ್ಕಿ ಇರುತ್ತದೆ, ಆಯುವುದಕ್ಕೆ ಯಾರೂ ಅಡ್ಡ ಬರುವುದಿಲ್ಲ, ಕಲ್ಯಾಣದಲ್ಲಿ ದಾಸೋಹ ನಿಲ್ಲುವುದಿಲ್ಲ. ಇದನ್ನು ಮರೆತರೆ ಅಸಂಗ್ರಹ ಬರೀ ಉಪದೇಶವಾಗುತ್ತದೆ.

ಅಂಥ ಭರವಸೆಯ ಪುರಾವೆ ಇಂದಿಗೂ ಯುಗಾದಿಯ ಮುಂಚಿನ ವಾರಗಳಲ್ಲಿ ಸಿಗುತ್ತದೆ. ಕಂಬಿ ಹೊತ್ತು ಶ್ರೀಶೈಲ ಮಲ್ಲಯ್ಯನಿಗೆ ನಡೆದುಹೋಗುವ ಉತ್ತರ ಕರ್ನಾಟಕದ ಭಕ್ತರು ರಾಯಚೂರು ಸೀಮೆ ಹಾಯ್ದು ಹೋಗುತ್ತಾರೆ. ನೂರಾರು ಕಿಲೋಮೀಟರು ನಡೆಯುವವರ ಹೆಗಲಲ್ಲಿ ಒಂದು ಸಣ್ಣ ಚೀಲ, ಒಂದು ಹೊದಿಕೆ. ದಾರಿಯುದ್ದಕ್ಕೂ ಊರಿನವರು ಪೆಂಡಾಲು ಹಾಕಿ ರೊಟ್ಟಿ, ಪಲ್ಯ, ಮಜ್ಜಿಗೆ, ನೀರು ಕೊಡುತ್ತಾರೆ. ಬೊಬ್ಬೆ ಎದ್ದ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಯಾತ್ರಿಕನ ಗಂಟು ಹಗುರವಾಗಿರುವುದು ಅವನ ವೈರಾಗ್ಯದಿಂದ ಎಷ್ಟೋ, ಈ ಪೆಂಡಾಲುಗಳಿಂದಲೂ ಅಷ್ಟೇ. ಹಿಮಕ್ರೀಡೆಗೆ ಗುಲ್ಮಾರ್ಗಿಗೆ ಹೋಗುವವನು ಹಲಗೆ ಒಯ್ಯದೆ ಅಲ್ಲಿಯೇ ಬಾಡಿಗೆಗೆ ಪಡೆಯುವುದೂ ಇದೇ ತರ್ಕದ ಮೇಲೆ; ಅಲ್ಲಿ ದಾಸೋಹದ ಜಾಗದಲ್ಲಿ ದುಡ್ಡಿದೆ, ಅಷ್ಟೇ ವ್ಯತ್ಯಾಸ. ತಲುಪುವ ಕಡೆ ಏನಾದರೂ ಕಾದಿದ್ದರೆ ಮಾತ್ರ ಕಡಿಮೆ ಹೊತ್ತು ಹೊರಡಬಹುದು.

ಏನೂ ಕಾದಿಲ್ಲದವರ ಗಂಟನ್ನು ನೋಡಬೇಕಾದರೆ ಇದೇ ಊರುಗಳ ಬಸ್ ನಿಲ್ದಾಣಕ್ಕೆ ಹೋಗಬೇಕು. ಸಿಂಧನೂರಿನ ಬಹುಭಾಗಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿದೆ, ಭತ್ತವಿದೆ. ಮಳೆಯನ್ನೇ ನಂಬಿದ ಮಸ್ಕಿ, ಲಿಂಗಸುಗೂರಿನ ಹಳ್ಳಿಗಳಿಂದ ಮಳೆ ಕೈಕೊಟ್ಟ ವರ್ಷ ಜನ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ. ಜೋಳದ ಚೀಲ, ಕಟಿರೊಟ್ಟಿಯ ಗಂಟು, ಖಾರದ ಡಬ್ಬಿ, ಹಂಚು, ಕೊಡ, ಕೌದಿ, ಅದರ ಮೇಲೆ ಕೂತ ಮಗು. ಕೆಎಸ್‌ಆರ್‌ಟಿಸಿ 2022ರಲ್ಲಿ ಹೊರಡಿಸಿದ ನಿಯಮದಂತೆ ಒಬ್ಬ ಪ್ರಯಾಣಿಕನಿಗೆ 30 ಕೆ.ಜಿ. ಉಚಿತ, ವಿಮಾನದ ಲಗೇಜಿನ ಎರಡರಷ್ಟು. ಅದೂ ಸಾಲುವುದಿಲ್ಲ. ಹೊರಗಿನಿಂದ ನೋಡಿದರೆ ಇದು ದೊಡ್ಡ ಸಂಗ್ರಹ, ಆದರೆ ಅದರಲ್ಲಿ ಒಂದೂ ಹೆಚ್ಚಿನದಲ್ಲ. ಕೆಲಸದ ಜಾಗದಲ್ಲಿ ತಗಡಿನ ಶೆಡ್ಡು ಬಿಟ್ಟರೆ ಬೇರೇನೂ ಸಿಗದೆಂದು ಗೊತ್ತಿದ್ದವರು ಮನೆಯನ್ನೇ ಕಟ್ಟಿಕೊಂಡು ಹೊರಡುತ್ತಾರೆ. ಪಡಿತರ ಚೀಟಿಯನ್ನು ಎಲ್ಲಿ ಬೇಕಾದರೂ ಬಳಸಬಹುದೆಂಬ ಈಚಿನ ವ್ಯವಸ್ಥೆ ಈ ಗಂಟಿನಿಂದ ಒಂದಿಷ್ಟು ಅಕ್ಕಿಯ ತೂಕವನ್ನಾದರೂ ಇಳಿಸಬಲ್ಲದು. ಉಪದೇಶಕ್ಕೆ ಅದು ಆಗದು.

ಹಾಗಾಗಿ ಹೊರೆಯ ತೂಕ ನೋಡಿ ಹೊತ್ತವರ ಆಸೆಯನ್ನು ಅಳೆಯಲು ಬರುವುದಿಲ್ಲ. ಏಳು ಕಿಲೋ ಕೈಚೀಲದಲ್ಲಿ ಹೊರಟವನ ಜೇಬಿನಲ್ಲಿ ಉಳಿದೆಲ್ಲವನ್ನೂ ಕೊಳ್ಳುವ ಕಾರ್ಡು ಇರಬಹುದು. ಅವನನ್ನು ಅಪರಿಗ್ರಹಿ ಎನ್ನಲಾಗದು. ಗುಳೆ ಹೊರಟವರಿಗೆ ಅಸಂಗ್ರಹದ ಬೋಧನೆ ಮಾಡುವುದಂತೂ ವಚನದ ದುರ್ಬಳಕೆ. ಲಕ್ಕಮ್ಮ ಆ ಮಾತನ್ನು ಹೇಳಿದ್ದು ತನ್ನ ಗಂಡನಿಗೆ, ತನ್ನ ಮನೆಗೆ ಬಂದ ಅಕ್ಕಿಯ ಬಗ್ಗೆ.