ಎದುರಾಳಿ ಕಾಣದ ಸ್ಪರ್ಧೆ

ಸ್ಪರ್ಧೆಯಿಂದ ಮನುಷ್ಯನು ಬೆಳೆಯುತ್ತಾನೆಯೋ ಕೆಡುತ್ತಾನೆಯೋ ಎಂಬುದು ಹಳೆಯ ಪ್ರಶ್ನೆ. ನಮ್ಮ ಹಿರಿಯರು ಮತ್ಸರವನ್ನು ಅರಿಷಡ್ವರ್ಗದಲ್ಲಿ ಒಂದೆಂದು ಎಣಿಸಿದರು. ಇಂದಾದರೋ ಶಾಲೆ, ಕಚೇರಿ, ಚುನಾವಣೆ ಮೊದಲುಗೊಂಡು ಹಬ್ಬದ ರಂಗೋಲಿಯವರೆಗೆ ಸ್ಪರ್ಧೆಯಿಲ್ಲದ ಸ್ಥಳವೇ ಇಲ್ಲ. ಒಬ್ಬನು ಮುಂದೆ ಬಂದರೆ ಇನ್ನೊಬ್ಬನು ಹಿಂದೆ ಉಳಿಯಲೇಬೇಕು. ಹಿಂದೆ ಉಳಿದವನಲ್ಲಿ ಮತ್ಸರ, ಮುಂದೆ ಬಂದವನಲ್ಲಿ ಮದ. ಶಾಲೆಯಲ್ಲಿ ಬಾಳು ಸವೆಸಿದ ಶಿಕ್ಷಕನಿಗೆ ಇವೆರಡೂ ಅಪರಿಚಿತವಲ್ಲ. ಹಾಗೆಂದು ಸ್ಪರ್ಧೆಯನ್ನೇ ತೊರೆದರೆ ಆಲಸ್ಯವು ಬಂದು ಮನೆ ಮಾಡುತ್ತದೆ. ಮತ್ಸರವಿಲ್ಲದ ಸ್ಪರ್ಧೆ ಸಾಧ್ಯವೇ ಎಂಬುದೇ ಇಲ್ಲಿಯ ವಿಚಾರ.

ಇದಕ್ಕೆ ಒಂದು ಉತ್ತರವು ದೋಣಿಯ ಆಟವೊಂದರಲ್ಲಿದೆ. ನಮ್ಮ ನಿಲಂಗಾ ತಾಲೂಕಿನಲ್ಲಿ ಕುಳಿತು ದೋಣಿಯ ಮಾತಾಡುವುದು ವಿಚಿತ್ರವೆನಿಸೀತು. 2016ರ ಏಪ್ರಿಲ್ ತಿಂಗಳಲ್ಲಿ ನಮ್ಮ ಜಿಲ್ಲೆಯ ಲಾತೂರು ನಗರಕ್ಕೆ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ಬಂದಿತು. ಅಂಥ ನಾಡಿನವರು ನಾವು. ಆದರೆ ವಿಚಾರಕ್ಕೆ ಹೊಳೆಯ ದಂಡೆಯೇ ಬೇಕೆಂದಿಲ್ಲ.

ಇಂಗ್ಲೆಂಡ್, ಅಮೆರಿಕಗಳಲ್ಲಿ ಹೊಳೆಯ ದಂಡೆಯ ಊರುಗಳಲ್ಲಿ ದೋಣಿ ಕ್ಲಬ್ಬುಗಳಿವೆ. ಶಿಕ್ಷಕರು, ವೈದ್ಯರು, ಗುಮಾಸ್ತರು, ವಿದ್ಯಾರ್ಥಿಗಳು, ನಿವೃತ್ತರು ಅವುಗಳ ಸದಸ್ಯರು. ಕೆಲಸಕ್ಕೆ ಹೋಗುವ ಮುನ್ನ, ನಸುಕಿನ ಚಳಿಯಲ್ಲಿ, ಇವರು ಹುಟ್ಟು ಹಾಕುವ ಅಭ್ಯಾಸ ಮಾಡುತ್ತಾರೆ. ಇವರು ಪಾಲುಗೊಳ್ಳುವ ಒಂದು ಬಗೆಯ ಪಂದ್ಯಕ್ಕೆ ‘ಹೆಡ್ ರೇಸ್’ ಎಂದು ಹೆಸರು. ಸಾಮಾನ್ಯವಾದ ದೋಣಿ ಪಂದ್ಯದಲ್ಲಿ ದೋಣಿಗಳು ಸಾಲಾಗಿ ನಿಂತು ಒಟ್ಟಿಗೆ ಹೊರಡುತ್ತವೆ. ಇಲ್ಲಿ ಹಾಗಲ್ಲ. ದೋಣಿಗಳು ಹತ್ತು ಹದಿನೈದು ಸೆಕೆಂಡುಗಳ ಅಂತರದಲ್ಲಿ ಒಂದರ ಹಿಂದೆ ಒಂದು ಹೊರಡುತ್ತವೆ. ದಾರಿ ಒಂದೇ, ಪ್ರತಿಯೊಂದು ದೋಣಿ ತೆಗೆದುಕೊಂಡ ಕಾಲವನ್ನು ಬೇರೆ ಬೇರೆಯಾಗಿ ಎಣಿಸುತ್ತಾರೆ. ಲಂಡನ್ನಿನ ಥೇಮ್ಸ್ ನದಿಯಲ್ಲಿ ಇಂಥ ಪಂದ್ಯವನ್ನು 1926ರಲ್ಲಿ ಆರಂಭಿಸಿದವನು ಸ್ಟೀವ್ ಫೇರ್‌ಬೇರ್ನ್ ಎಂಬ ಆಸ್ಟ್ರೇಲಿಯ ಮೂಲದ ಗುರು. ಚಳಿಗಾಲದಲ್ಲಿಯೂ ಹುಡುಗರು ಅಭ್ಯಾಸ ಬಿಡಬಾರದೆಂಬುದು ಅವನ ಉದ್ದೇಶವಾಗಿತ್ತು. ದಾರಿ ನಾಲ್ಕೂಕಾಲು ಮೈಲಿ. ಎಂಟು ಜನ ಹುಟ್ಟು ಹಾಕುವ ದೋಣಿಗಳು ಈಗ ನೂರಾರು ಸಂಖ್ಯೆಯಲ್ಲಿ ಅಲ್ಲಿ ಸೇರುತ್ತವೆ. ಅಮೆರಿಕದ ಬಾಸ್ಟನ್ ನಗರದ ಚಾರ್ಲ್ಸ್ ನದಿಯಲ್ಲಿ ಇಂಥದೇ ಪಂದ್ಯವು 1965ರಿಂದ ನಡೆಯುತ್ತ ಬಂದಿದೆ.

ಈ ಪಂದ್ಯದ ರೀತಿಯಲ್ಲಿ ಮೂರು ಸಂಗತಿಗಳು ವಿಚಾರಾರ್ಹವಾಗಿವೆ. ಮೊದಲನೆಯದು, ಇಲ್ಲಿ ನಿಜವಾದ ಎದುರಾಳಿ ಕಣ್ಣಿಗೆ ಬೀಳುವುದೇ ಅಪರೂಪ. ತನಗಿಂತ ಎರಡು ಸೆಕೆಂಡು ಚುರುಕಾದ ದೋಣಿ ಅರ್ಧ ಗಂಟೆಯ ಹಿಂದೆಯೇ ಹೋಗಿರಬಹುದು, ಇನ್ನೂ ಹೊರಡದೆಯೂ ಇರಬಹುದು. ಮೇಲಾಗಿ ಹುಟ್ಟು ಹಾಕುವವನು ದೋಣಿ ಸಾಗುವ ದಿಕ್ಕಿಗೆ ಬೆನ್ನು ಮಾಡಿ ಕುಳಿತಿರುತ್ತಾನೆ. ಎಂಟು ಜನರ ದೋಣಿಯಲ್ಲಿ ಮುಂದೆ ನೋಡುವವನು ಚುಕ್ಕಾಣಿ ಹಿಡಿದವನೊಬ್ಬನೇ. ಆದ್ದರಿಂದ ‘ಅವನನ್ನು ಸೋಲಿಸಬೇಕು’ ಎಂಬ ಭಾವಕ್ಕೆ ಆಧಾರವೇ ಇರುವುದಿಲ್ಲ. ಈ ಒಂದು ಎಳೆತ ಸರಿಯಾಗಿ ಬಂತೇ, ಮುಂದಿನವನ ಬೆನ್ನಿನೊಡನೆ ನನ್ನ ಬೆನ್ನು ಬಾಗಿತೇ ಎಂಬುದಷ್ಟೇ ಉಳಿಯುತ್ತದೆ.

ಎರಡನೆಯದು, ಹಿಂದಿನಿಂದ ವೇಗದ ದೋಣಿ ಬಂದರೆ ಮುಂದಿನ ದೋಣಿ ದಾರಿ ಬಿಡಬೇಕು. ಇದು ಸೌಜನ್ಯವಲ್ಲ, ನಿಯಮ. ತನಗಿಂತ ಸಮರ್ಥನಾದವನಿಗೆ ಅಡ್ಡ ನಿಲ್ಲಬಾರದು, ಆದರೆ ದಾರಿ ಬಿಟ್ಟೆನೆಂದು ಹುಟ್ಟನ್ನು ಕೆಳಗಿಡಲೂ ಬಾರದು. ಸಂಸಾರದಲ್ಲಿ, ಸಂಸ್ಥೆಗಳಲ್ಲಿ ಇಷ್ಟನ್ನು ಕಲಿತವರು ಎಷ್ಟು ಜನ? ಮೂರನೆಯದು, ಒಲಿಂಪಿಕ್ಸಿಗೆ ಹೋಗುವವರೂ, ಹುಟ್ಟು ಹಿಡಿದು ಹೆಚ್ಚು ಕಾಲವಾಗದ ಸದಸ್ಯರೂ ಅದೇ ನೀರಿನಲ್ಲಿ ಅದೇ ದಾರಿಯನ್ನು ಸಾಗಬಹುದು. ಹಿರಿಯರಿಗೆ ವಯಸ್ಸಿಗೆ ತಕ್ಕ ಕಾಲದ ರಿಯಾಯಿತಿ ಕೊಡುವ ಪಂದ್ಯಗಳೂ ಇವೆ.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ತನ್ನೊಡನೆ ತಾನೇ ಸ್ಪರ್ಧಿಸುವವನು ತನ್ನನ್ನು ತಾನೇ ಹೊಗಳಿಕೊಂಡು ಸುಮ್ಮನಿರಲಾರನೇ? ಇರಬಲ್ಲನು. ಎದುರಾಳಿಯಿಲ್ಲದ ಕಡೆ ಆತ್ಮವಂಚನೆಗೆ ಅವಕಾಶ ಹೆಚ್ಚು. ಅದಕ್ಕಾಗಿಯೇ ಅಲ್ಲಿ ಗಡಿಯಾರವಿದೆ. ಗಡಿಯಾರಕ್ಕೆ ನಮ್ಮ ಮೇಲೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ಮತ್ಸರವನ್ನು ಕಳೆಯಲು ಎದುರಾಳಿ ಮರೆಯಾಗಬೇಕು. ಭ್ರಮೆಯನ್ನು ಕಳೆಯಲು ಅಳತೆಗೋಲು ಇರಬೇಕು. ಇವೆರಡೂ ಕೂಡಿದಲ್ಲಿ ಮಾತ್ರ ಸ್ಪರ್ಧೆಯು ಶುದ್ಧವಾಗುತ್ತದೆ.

ಇದಕ್ಕಿಂತ ಗಂಭೀರವಾದ ಆಕ್ಷೇಪಣೆ ಈ ಆಟದ ಇತಿಹಾಸದಲ್ಲಿದೆ. ಹವ್ಯಾಸಿಗೆ ಇಂಗ್ಲಿಷಿನಲ್ಲಿ ‘ಅಮೆಚೂರ್’ ಎನ್ನುತ್ತಾರೆ. ಪ್ರೀತಿಸು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿದ ಪದ ಅದು. ಆದರೆ ಹೆಸರಾಂತ ಹೆನ್ಲಿ ಪಂದ್ಯದವರು 1879ರಲ್ಲಿ ಮಾಡಿದ ನಿಯಮದ ಪ್ರಕಾರ, ಕೂಲಿಗಾಗಿ ದುಡಿಯುವ ಕುಶಲಕರ್ಮಿಯೂ ಕಾರ್ಮಿಕನೂ ಹವ್ಯಾಸಿಯೇ ಅಲ್ಲ! ಫಿಲಡೆಲ್ಫಿಯದ ಜಾನ್ ಕೆಲ್ಲಿ ಎಂಬವನಿಗೆ 1920ರಲ್ಲಿ ಅಲ್ಲಿ ಪ್ರವೇಶ ಸಿಗಲಿಲ್ಲ. ಅವನ ಕ್ಲಬ್ಬಿನ ಮೇಲಿದ್ದ ನಿಷೇಧವು ಒಂದು ಕಾರಣ. ಅವನು ಇಟ್ಟಿಗೆ ಕಟ್ಟುವ ಕೆಲಸ ಮಾಡಿದವನೆಂಬುದು ಇನ್ನೊಂದು. ಅದೇ ವರ್ಷ ಆಂಟ್‌ವರ್ಪ್ ಒಲಿಂಪಿಕ್ಸಿನಲ್ಲಿ, ಹೆನ್ಲಿಯಲ್ಲಿ ಗೆದ್ದು ಬಂದಿದ್ದ ಜಾಕ್ ಬೆರೆಸ್‌ಫರ್ಡನನ್ನು ಹಿಂದೆ ಹಾಕಿ ಅವನು ಚಿನ್ನದ ಪದಕ ಪಡೆದನು. ಆ ನಿಯಮದಿಂದ ಕಾರ್ಮಿಕರನ್ನು ಹೊರಗಿಡುವ ಮಾತನ್ನು ತೆಗೆದುಹಾಕಿದ್ದು 1937ರಲ್ಲಿ. ಕೈಯಿಂದ ದುಡಿಯುವವನಿಗೆ ನಿಷ್ಕಾಮವಾದ ಪ್ರೀತಿ ಇರಲಾರದೆಂಬ ಅಹಂಕಾರ ಅದರ ಹಿಂದಿತ್ತು.

ಈ ಅಹಂಕಾರಕ್ಕೆ ಉತ್ತರವು ನಮ್ಮ ಮಗ್ಗುಲಲ್ಲೇ, ಬಸವಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದಲ್ಲೇ ಸಿಕ್ಕಿತ್ತು. ಹುಟ್ಟು ಹಾಕಿ ಜನರನ್ನು ದಡ ಸೇರಿಸುತ್ತಿದ್ದ ಚೌಡಯ್ಯನವರು ಅಂಬಿಗನೆಂಬ ಹೆಸರನ್ನು ಮರೆಮಾಡದೆ, ಅದನ್ನೇ ತಮ್ಮ ವಚನಗಳ ಅಂಕಿತವಾಗಿ ಧರಿಸಿದರು. ಹೊಟ್ಟೆಯ ಕೆಲಸ ಬೇರೆ, ಪ್ರೀತಿಯ ಕೆಲಸ ಬೇರೆ ಎಂಬ ಗೋಡೆಯನ್ನು ಶರಣರ ಕಾಯಕ ತತ್ತ್ವವು ಕೆಡವಿತು. ದುಡಿದು ಉಣ್ಣುವವನೇ ತನ್ನ ದುಡಿಮೆಯನ್ನು ಪೂಜೆಯಂತೆ ಮಾಡಬಲ್ಲನೆಂದು ಅವರು ಬಾಳಿ ತೋರಿಸಿದರು. ಹೆನ್ಲಿಯ ನಿಯಮದವರಿಗೆ ತಿಳಿಯದೆ ಹೋದದ್ದು ಇದು.

ನಮ್ಮ ರಾಜ್ಯದ್ದೇ ಒಂದು ನಿದರ್ಶನವಿದೆ. ನಾಶಿಕ ಜಿಲ್ಲೆಯ ಚಾಂದವಡ ತಾಲೂಕಿನ ತಳೇಗಾಂವ ರೋಹಿಯ ದತ್ತು ಭೋಕನಳ ಎಂಬ ಯುವಕನು ತಂದೆಯೊಡನೆ ಬಾವಿ ತೋಡುವ ಕೆಲಸ ಮಾಡಿದವನು. ನೀರಿಗಾಗಿ ನೆಲವನ್ನು ಅಗೆದ ಆ ಕೈಗಳು ಹುಟ್ಟನ್ನು ಹಿಡಿದದ್ದು 2012ರಲ್ಲಿ ಸೈನ್ಯ ಸೇರಿದ ಮೇಲೆ. ಲಾತೂರಿಗೆ ರೈಲಿನಲ್ಲಿ ನೀರು ಬಂದ ವರ್ಷವೇ ಅವನು ರಿಯೊ ಒಲಿಂಪಿಕ್ಸಿನಲ್ಲಿ ಒಂಟಿ ದೋಣಿಯ ಪಂದ್ಯಕ್ಕೆ ಇಳಿದನು. ಪದಕದ ಅವಕಾಶ ತಪ್ಪಿದ ಮೇಲೆ, ಕೇವಲ ಹದಿಮೂರರಿಂದ ಹದಿನೆಂಟರವರೆಗಿನ ಸ್ಥಾನಗಳನ್ನು ನಿರ್ಣಯಿಸುವ ಓಟದಲ್ಲಿ ಅವನು ಮೊದಲಿಗನಾಗಿ ಮುಗಿಸಿದನು. ಪದಕವಿಲ್ಲದ, ಜಯಕಾರವಿಲ್ಲದ ಆ ಓಟದಲ್ಲಿ ಪೂರ್ಣ ಶಕ್ತಿಯನ್ನು ಏಕೆ ಹಾಕಬೇಕು? ಹದಿಮೂರನೆಯವನಿಗೂ ಹದಿನಾಲ್ಕನೆಯವನಿಗೂ ಲೋಕವು ಯಾವ ವ್ಯತ್ಯಾಸವನ್ನೂ ಮಾಡುವುದಿಲ್ಲ. ವ್ಯತ್ಯಾಸವು ತಿಳಿಯುವುದು ಹುಟ್ಟು ಹಾಕಿದವನಿಗೆ ಮಾತ್ರ. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ವರ ದೋಣಿಯಲ್ಲಿ ಅವನಿಗೆ ಚಿನ್ನದ ಪದಕವೂ ಬಂದಿತು. ಆದರೆ ನೀತಿಯ ದೃಷ್ಟಿಯಿಂದ ನೋಡಿದರೆ ರಿಯೊದ ಆ ಹದಿಮೂರನೆಯ ಸ್ಥಾನ ಕಡಿಮೆಯದಲ್ಲ.

ಈ ಮಾತು ಗಡಿನಾಡಿನ ಕನ್ನಡಿಗರಾದ ನಮಗೆ ವಿಶೇಷವಾಗಿ ತಾಗುತ್ತದೆ. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯಿಂದ ಬೇರೆಯಾದ ನಿಲಂಗಾ, ಉದಗೀರ ತಾಲೂಕುಗಳಲ್ಲಿ ಕನ್ನಡ ಓದುವವನಿಗೆ ಕನ್ನಡದಿಂದ ನೌಕರಿಯ ಭರವಸೆಯಿಲ್ಲ, ಮಾನಸನ್ಮಾನಗಳ ನಿರೀಕ್ಷೆಯಿಲ್ಲ. ‘ಇದರಿಂದ ಏನು ಲಾಭ?’ ಎಂದು ತಂದೆತಾಯಿಗಳು ಕೇಳುತ್ತಾರೆ. ಕೇಳುವುದು ತಪ್ಪಲ್ಲ, ಹೊಟ್ಟೆಯ ಪ್ರಶ್ನೆ ಸಣ್ಣದಲ್ಲ. ಆದರೆ ಲಾಭವಿಲ್ಲದ ಕಡೆಯಲ್ಲಿಯೇ ಪ್ರೀತಿಯ ಪರೀಕ್ಷೆಯಾಗುತ್ತದೆ. ಇಲ್ಲಿ ಕನ್ನಡ ಓದುವವರು, ಬರೆಯುವವರು, ಇಂಥ ಸಮ್ಮೇಳನಕ್ಕೆ ಸ್ವಂತ ಖರ್ಚಿನಿಂದ ಬರುವವರು ಆ ಶಬ್ದದ ನಿಜವಾದ ಅರ್ಥದಲ್ಲಿ ಹವ್ಯಾಸಿಗಳು. ಮರಾಠಿಯು ನಮ್ಮ ಎದುರಾಳಿಯಲ್ಲ. ಅದರ ದೋಣಿ ದೊಡ್ಡದು, ವೇಗವೂ ಹೆಚ್ಚು. ದಾರಿ ಬಿಡೋಣ, ಆದರೆ ಹುಟ್ಟನ್ನು ಕೆಳಗಿಡದಿರೋಣ. ಅದರ ಮೇಲಿನ ಮತ್ಸರದಿಂದ ನಮ್ಮ ಒಂದು ಸಾಲು ಕೂಡ ಚೆನ್ನಾಗುವುದಿಲ್ಲ.

ಆದರೆ ಪ್ರೀತಿಯೊಂದೇ ಸಾಲದು, ಗಡಿಯಾರವೂ ಬೇಕು. ಗಡಿನಾಡಿನವರೆಂಬ ಕನಿಕರದ ರಿಯಾಯಿತಿಯನ್ನು ನಮ್ಮ ಬರಹಕ್ಕೆ ಬೇಡುವುದು ತರವಲ್ಲ. ಧಾರವಾಡ, ಮೈಸೂರುಗಳ ಬರಹವನ್ನು ಯಾವ ಅಳತೆಯಿಂದ ನೋಡುತ್ತಾರೆಯೋ ಅದೇ ಅಳತೆಯಿಂದ ನಮ್ಮದನ್ನೂ ನೋಡಲಿ. ಹೋದ ವರ್ಷ ನಮ್ಮ ಮಕ್ಕಳು ಎಷ್ಟು ಶುದ್ಧವಾಗಿ ಓದುತ್ತಿದ್ದರು, ಈ ವರ್ಷ ಎಷ್ಟು ಓದುತ್ತಾರೆ ಎಂದು ಪ್ರತಿಯೊಂದು ಶಾಲೆ ತನ್ನನ್ನು ತಾನೇ ಕೇಳಿಕೊಳ್ಳಲಿ. ಪಕ್ಕದ ಶಾಲೆಯ ಫಲಿತಾಂಶವನ್ನು ನೋಡುವ ಕೆಲಸ ಆಮೇಲೆ. ಮುಂದಿನ ದಾರಿ ಹುಟ್ಟು ಹಾಕುವವರಿಗೆ ಪೂರ್ಣವಾಗಿ ಕಾಣಿಸದು. ಅವರ ಕೈಯಲ್ಲಿರುವುದು ಈಗಿನ ಎಳೆತವೊಂದೇ. ಅದನ್ನು ಎಲ್ಲರೂ ಕೂಡಿ, ಒಂದೇ ಲಯದಲ್ಲಿ, ಮನಸ್ಸಿಟ್ಟು ಹಾಕುವಂತಾಗಲಿ.