ಗುಂಡಿಯ ಬಳಿಯಲ್ಲಿ ಊಟಕ್ಕೆ ಕೂತವರು
(ಆದಿಕಾಂಡ 37:23-30)



ಯೋಸೇಫನ ಅಣ್ಣಂದಿರು ಅವನ ನಿಲುವಂಗಿಯನ್ನು ತೆಗೆದುಕೊಂಡು ಅವನನ್ನು ನೀರಿಲ್ಲದ ಗುಂಡಿಯಲ್ಲಿ ಹಾಕಿದ ತರುವಾಯ ಏನು ಮಾಡಿದರು? ಊಟಕ್ಕೆ ಕೂತರು. ತಮ್ಮನು ಅಂಗಲಾಚಿದರೂ ತಾವು ಕೇಳಲಿಲ್ಲವೆಂಬದನ್ನು ಅವರೇ ಬಹು ವರುಷಗಳ ಮೇಲೆ ಐಗುಪ್ತದಲ್ಲಿ ಒಪ್ಪಿಕೊಂಡರು. ಅಷ್ಟರಲ್ಲಿ ವರ್ತಕರ ಒಂಟೆಗಳು ಬಂದವು. ಕೊಲ್ಲುವದರಿಂದ ಲಾಭವೇನು, ಮಾರುವದೇ ಲೇಸೆಂದು ಲೆಕ್ಕ ಹಾಕಿ, ಒಡಹುಟ್ಟಿದವನನ್ನು 20 ಬೆಳ್ಳಿ ನಾಣ್ಯಗಳಿಗೆ ಕೊಟ್ಟುಬಿಟ್ಟರು.

ಮನುಷ್ಯನನ್ನು ಕದ್ದು ಮಾರುವವನಿಗೆ ಮೋಶೆಯ ನ್ಯಾಯಪ್ರಮಾಣವು ಮರಣದಂಡನೆಯನ್ನು ವಿಧಿಸಿತು. ಯಾಕಂದರೆ ದೇವರ ಸ್ವರೂಪವುಳ್ಳದ್ದಕ್ಕೆ ಕ್ರಯ ಕಟ್ಟುವ ಅಧಿಕಾರವು ಯಾರಿಗೂ ಇಲ್ಲ. ಆದರೂ ಆ ವ್ಯಾಪಾರವು ನಿಂತಿಲ್ಲ. 2021ರಲ್ಲಿ ಲೋಕದೊಳಗೆ ಸುಮಾರು 2 ಕೋಟಿ 76 ಲಕ್ಷ ಜನರು ಬಲಾತ್ಕಾರದ ದುಡಿಮೆಯಲ್ಲಿದ್ದರೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯವರು ಅಂದಾಜು ಮಾಡಿದರು. ಒಂಟೆಗಳ ಬದಲಾಗಿ ಈಗ ವಿಮಾನಗಳುಂಟು. ಥಾಯ್ಲೆಂಡಿನಲ್ಲಿ ಕಂಪ್ಯೂಟರಿನ ಕೆಲಸವುಂಟು, ಕೈತುಂಬ ಸಂಬಳವುಂಟು ಎಂಬ ಮಾತನ್ನು ಮೊಬೈಲಿನಲ್ಲಿ ನಂಬಿ ಹೊರಟ ನಮ್ಮ ದೇಶದ ಯೌವನಸ್ಥರನ್ನು ಗಡಿ ದಾಟಿಸಿ, ಮ್ಯಾನ್ಮಾರಿನ ಮ್ಯಾವಡಿಯ ಸುತ್ತಲಿನ ಬೇಲಿಯೊಳಗೆ ಕೂಡಿಹಾಕಿದರು. ಪಾಸ್‌ಪೋರ್ಟುಗಳನ್ನು ಕಿತ್ತುಕೊಂಡು, ಪರರನ್ನು ಫೋನಿನ ಮೂಲಕ ವಂಚಿಸುವ ಕೆಲಸಕ್ಕೆ ಹಚ್ಚಿ, ಒಲ್ಲೆನೆಂದವರನ್ನು ಹೊಡೆದರು. 2025ರ ಮಾರ್ಚಿಯಲ್ಲಿ ಭಾರತ ಸರಕಾರವು ಇಂಥವರಲ್ಲಿ ಐನೂರಕ್ಕಿಂತ ಹೆಚ್ಚು ಮಂದಿಯನ್ನು ವಾಯುಪಡೆಯ ವಿಮಾನಗಳಲ್ಲಿ ತಿರಿಗಿ ಕರತಂದಿತು.

ಇದು ದೂರದೇಶದ ಸಂಗತಿಯೆಂದು ನಾವು ಸುಮ್ಮನಿರಬಹುದೋ? ಯೋಸೇಫನನ್ನು ಮಾರಿದವರು ಪರರಲ್ಲ, ಅಣ್ಣಂದಿರು. ಅಪರಿಚಿತನ ಕೈಗೆ ನಾವು ಮಕ್ಕಳನ್ನು ಒಪ್ಪಿಸುವದಿಲ್ಲ. ಆದರೆ ಗುರುತಿನವನು ಮುಂಗಡದ ಹಣವನ್ನು ಹಿಡಿದು ಅಂಗಳಕ್ಕೆ ಬಂದರೆ, ಸಾಲದ ಚಿಂತೆಯಲ್ಲಿರುವ ತಂದೆಯು ಬೇಡವೆನ್ನುವದು ಕಷ್ಟ. ಆ ಮುಂಗಡವೇ ಹಗ್ಗವಾಗುತ್ತದೆ. ಜೀತವನ್ನು 1976ರ ಕಾನೂನು ರದ್ದುಮಾಡಿ, ಅಂಥ ಸಾಲವನ್ನು ತೀರಿಸುವ ಹೊಣೆಯನ್ನೂ ತೆಗೆದುಹಾಕಿತೆಂಬದನ್ನು ಎಷ್ಟು ಮಂದಿ ಬಲ್ಲರು? ನೆರೆಯವನ ಅಂಗಳದಲ್ಲಿ ದಲ್ಲಾಳಿಯನ್ನು ಕಂಡು, ನಮಗೇಕೆಂದು ನಾವೂ ಊಟಕ್ಕೆ ಕೂತದ್ದುಂಟಲ್ಲವೇ?

ರೂಬೇನನನ್ನು ನೆನಸಿರಿ. ತಮ್ಮನನ್ನು ಬಿಡಿಸಬೇಕೆಂಬ ಮನಸ್ಸು ಅವನಿಗಿತ್ತು. ಆದರೆ ಮಾರುವ ಗಳಿಗೆಯಲ್ಲಿ ಅವನು ಅಲ್ಲಿರಲಿಲ್ಲ; ತಿರಿಗಿ ಬಂದು ನೋಡಲಾಗಿ ಗುಂಡಿಯು ಬರಿದಾಗಿತ್ತು. ಅವನು ಬಟ್ಟೆ ಹರಕೊಂಡರೂ ತಮ್ಮನು ಸಿಕ್ಕಲಿಲ್ಲ. ಒಳ್ಳೇ ಮನಸ್ಸು ಮಾತ್ರವೇ ಸಾಲದು. ವೇಳೆಗೆ ಸರಿಯಾಗಿ ಹಾಜರಿರಬೇಕು.

ಆದಕಾರಣ, ಕೆಲಸದ ಆಸೆ ತೋರಿಸುವವನು ಬಂದಾಗ ಸಭೆಯ ಹಿರಿಯರು ಆ ಮನೆಯವರೊಂದಿಗೆ ಕೂತು ವಿಚಾರಿಸಲಿ. ಧಣಿ ಯಾರು? ಊರು ಯಾವದು? ಬರಹದ ಒಪ್ಪಂದವೆಲ್ಲಿ? ಪರದೇಶಕ್ಕೆ ಕೂಲಿಗಳನ್ನು ಕಳುಹಿಸುವ ಏಜೆಂಟನು ಸರಕಾರದಲ್ಲಿ ನೋಂದಾಯಿಸಿಕೊಂಡಿದ್ದಾನೋ? ಪ್ರವಾಸಿಯ ವೀಸಾದ ಮೇಲೆ ಕೆಲಸಕ್ಕೆ ಕರೆದರೆ ಮೋಸವೆಂದು ತಿಳಿಯಿರಿ. ಮಗುವಿನ ವಿಷಯದಲ್ಲಿ ಸಂಶಯ ಬಂದರೆ 1098ಕ್ಕೂ, ದೊಡ್ಡವರ ವಿಷಯದಲ್ಲಿ 112ಕ್ಕೂ ಕೂಡಲೇ ಫೋನು ಮಾಡಿರಿ. ಒಪ್ಪಿ ಹೋದನಲ್ಲಾ ಎಂಬ ನೆವವು ಮಾರಿದವನನ್ನು ಕಾನೂನಿನ ಮುಂದೆ ಬಿಡಿಸಲಾರದು.

ಮಾರಲ್ಪಟ್ಟು ತಿರಿಗಿ ಬಂದ ಮಗಳನ್ನಾಗಲಿ ಮಗನನ್ನಾಗಲಿ ಬಾವಿಕಟ್ಟೆಯ ಮಾತಿಗೆ ಗುರಿಮಾಡಬೇಡಿರಿ. ನಾಚಿಕೆಯು ಮಾರಿದವನದು, ಮಾರಲ್ಪಟ್ಟವನದಲ್ಲ. ನಮ್ಮ ಕರ್ತನು ತಾನೇ 30 ಬೆಳ್ಳಿ ನಾಣ್ಯಗಳಿಗೆ ಸ್ನೇಹಿತನಿಂದ ಮಾರಲ್ಪಟ್ಟವನು. ಅವರ ದುಃಖವನ್ನು ಆತನು ಬಲ್ಲನು. ಆತನ ಮೇಜಿನ ಬಳಿಯಲ್ಲಿ ಅವರಿಗೆ ಮೊದಲು ಸ್ಥಳ ಮಾಡಿಕೊಡೋಣ. ಗುಂಡಿಯೊಳಗಿಂದ ಕೂಗು ಕೇಳಿದಾಗ ಕೈಯ ತುತ್ತನ್ನು ಕೆಳಗಿಟ್ಟು ಎದ್ದು ಓಡೋಣ. ಆಮೆನ್.