ಆರನೆಯ ರಾತ್ರಿಯ ಬರಹ

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿ ಹಿಂದಿನ ತಲೆಮಾರಿನ ಮುದುಕಿಯೊಬ್ಬಳನ್ನು ‘ಎಷ್ಟು ಮಕ್ಕಳವ್ವ?’ ಎಂದು ಕೇಳಿದರೆ ಉತ್ತರವು ಎರಡು ಮಾತುಗಳಲ್ಲಿ ಬರುತ್ತಿತ್ತು: ‘ಹೆತ್ತದ್ದು ಒಂಬತ್ತು, ಉಳಿದದ್ದು ನಾಲ್ಕು.’ ಆ ಎರಡರ ನಡುವಣ ಐದನ್ನು ಜನಸಂಖ್ಯಾಶಾಸ್ತ್ರಜ್ಞನು ಶಿಶುಮರಣದ ಪ್ರಮಾಣದಲ್ಲಿ ಸೇರಿಸಿ ಎಣಿಸುತ್ತಾನೆ; ಆಕೆಯಾದರೋ ಅದನ್ನು ಹಣೆಬರಹವೆಂದು ಕರೆದು, ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, ಮುಂದಿನ ಮಾತಿಗೆ ಹೋಗುತ್ತಿದ್ದಳು.

ಕೂಸು ಹುಟ್ಟಿದ ಆರನೆಯ ರಾತ್ರಿ ಷಷ್ಠೀದೇವಿಯು, ಉತ್ತರದ ನಾಡಿನಲ್ಲಿ ಸೆಟವಿಯೆಂದು ಕರೆಯಿಸಿಕೊಳ್ಳುವ ತಾಯಿಯು, ತೊಟ್ಟಿಲ ಬಳಿಗೆ ಬಂದು ಅದರ ಹಣೆಯ ಮೇಲೆ ಆಯುಷ್ಯವನ್ನು ಬರೆದು ಹೋಗುತ್ತಾಳೆಂಬ ನಂಬಿಕೆ ನಮ್ಮಲ್ಲಿ ಪುರಾತನವಾದುದು. ಆರನೆಯ ರಾತ್ರಿಯೇ ಏಕೆ? ಕುಡುಗೋಲಿನಿಂದ ಹೊಕ್ಕುಳಬಳ್ಳಿಯನ್ನು ಕೊಯ್ದು, ಗಾಯಕ್ಕೆ ಸಗಣಿಯನ್ನೋ ಬೂದಿಯನ್ನೋ ಹಚ್ಚುತ್ತಿದ್ದ ಕಾಲದಲ್ಲಿ, ಮಣ್ಣು ಸಗಣಿಗಳಲ್ಲಿ ವಾಸಿಸುವ ರೋಗಾಣುವಿನಿಂದ ಬರುವ ಧನುರ್ವಾಯುವು ಸಾಮಾನ್ಯವಾಗಿ ಮೂರನೆಯ ದಿನದಿಂದ ಹದಿನಾಲ್ಕನೆಯ ದಿನದೊಳಗೆ, ಬಹುಮಟ್ಟಿಗೆ ಮೊದಲ ವಾರದ ಕೊನೆಗೆ, ಕಾಣಿಸಿಕೊಳ್ಳುತ್ತಿತ್ತು. ಹಾಲು ಕುಡಿಯುತ್ತಿದ್ದ ಶಿಶುವು ಬಾಯಿ ಬಿಗಿಹಿಡಿದು, ಬಿಲ್ಲಿನಂತೆ ಬಾಗಿ, ಬೆಳಗಾಗುವುದರೊಳಗೆ ಇಲ್ಲವಾದುದನ್ನು ಮತ್ತೆ ಮತ್ತೆ ಕಂಡ ತಾಯಂದಿರೇ ಈ ನಂಬಿಕೆಗೆ ಕಾಲವನ್ನು ಗೊತ್ತುಮಾಡಿದರೆಂದು ನನಗೆ ತೋರುತ್ತದೆ. ಬಸುರಿಗೆ ಕೊಡುವ ಚುಚ್ಚುಮದ್ದು, ಶುದ್ಧವಾದ ಬ್ಲೇಡು, ಶುಚಿಯಾದ ಕೈ: ಇಷ್ಟರಿಂದಲೇ ಆ ಬರಹದ ಬಹುಭಾಗ ಅಳಿಸಿಹೋಯಿತು, ನವಜಾತ ಶಿಶುಗಳ ಧನುರ್ವಾಯುವು ಭಾರತದಲ್ಲಿ ನಿರ್ಮೂಲವಾಯಿತೆಂದು 2015ರಲ್ಲಿ ಘೋಷಿತವಾಯಿತು. ಸೂಲಗಿತ್ತಿಯರನ್ನು ನಾನು ದೂಷಿಸುತ್ತಿಲ್ಲ. ಮತ್ತಾರೂ ಬಾರದ ಮನೆಗೆ ನಡುರಾತ್ರಿಯಲ್ಲಿ ಬಂದವರು ಅವರೊಬ್ಬರೇ.

ಹಾಗಾದರೆ ವಿಧಿಯೇ ತನ್ನ ಅಕ್ಷರವನ್ನು ತಿದ್ದಿಕೊಂಡಿತೆ? ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವು ಕರ್ಮಸಿದ್ಧಿಗೆ ಐದು ಕಾರಣಗಳನ್ನು ಹೇಳುವಾಗ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆಗಳನ್ನು ಮೊದಲು ಹೆಸರಿಸಿ, ದೈವವನ್ನು ಐದನೆಯದಾಗಿ ಇಡುತ್ತದೆ. ನಾವಾದರೋ ಐದನೆಯದನ್ನು ಮೊದಲಿಗೆ ತಂದು, ಉಳಿದ ನಾಲ್ಕನ್ನೂ ಅದರ ನೆರಳಿನಲ್ಲಿ ಮಲಗಿಸಿದೆವು. ಕೂಸನ್ನು ಕಳೆದುಕೊಂಡ ಬಾಣಂತಿಯು ‘ನನ್ನ ಹಣೆಬರಹ’ ಎಂದು ಹೇಳಿಕೊಂಡಾಗ ಆ ಮಾತು ಅವಳ ಎದೆಗೆ ಔಷಧ; ಅದನ್ನು ಅವಳಿಂದ ಕಿತ್ತುಕೊಳ್ಳುವ ಅಧಿಕಾರ ಯಾವ ವಿಜ್ಞಾನಕ್ಕೂ ಇಲ್ಲ. ಆದರೆ ಗಾಡಿ ಕಟ್ಟಬಹುದಾಗಿದ್ದವರು, ಹಳ್ಳಕ್ಕೆ ಸೇತುವೆ ಹಾಕಿಸಬಹುದಾಗಿದ್ದವರು, ಔಷಧ ತರಿಸಬಹುದಾಗಿದ್ದವರು ‘ಅವಳ ಹಣೆಬರಹ’ ಎಂದಾಗ ಅದೇ ಮಾತು ಪಾಪವಾಗುತ್ತದೆ.

ಈ ಮೂರು ತಾಲ್ಲೂಕುಗಳ ನೆಲವೇ ಇದಕ್ಕೆ ಸಾಕ್ಷಿ. ಮಳೆಯ ಮರೆಯಲ್ಲಿರುವ ಕಡೂರಿನ ಬಯಲಿನಲ್ಲಿ ಬರಗಾಲವು ಬಸುರಿಯ ತಟ್ಟೆಯಿಂದಲೇ ಮೊದಲು ತನ್ನ ಪಾಲನ್ನು ಕಿತ್ತುಕೊಳ್ಳುತ್ತಿತ್ತು. ಮಲೆನಾಡಿನ ಸೆರಗಾದ ತರೀಕೆರೆಯ ಅಡಕೆ ತೋಟಗಳ ಕಡೆಗೆ ಚಳಿಜ್ವರವು ಗರ್ಭಿಣಿಯ ರಕ್ತವನ್ನು ತೆಳ್ಳಗೆ ಮಾಡಿ, ಅಕಾಲಪ್ರಸವವನ್ನೂ ಬಡಕಲು ಶಿಶುವನ್ನೂ ತರುತ್ತಿತ್ತು. ಅಂದಿನ ಕಡೂರು ಜಿಲ್ಲೆಗೆ ಸೇರಿದ್ದ ಮೂಡಿಗೆರೆಯಲ್ಲಿ ಮೈಸೂರು ಸರ್ಕಾರವು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಕೇಂದ್ರವೊಂದನ್ನು ನಡೆಸಿ, ಸೊಳ್ಳೆಯ ಜಾಡನ್ನು ಹಿಡಿದುದು ಈ ಕಾರಣದಿಂದಲೇ. ಅಜ್ಜಂಪುರದ ಅಮೃತಮಹಲ್ ಕಾವಲಿನಲ್ಲಿ ಗಬ್ಬದ ಹಸುವಿಗೂ ಎಳೆಗರುವಿಗೂ ಸಂಬಳದ ಕಾವಲುಗಾರರಿದ್ದುದನ್ನು ನೆನೆದಾಗಲೆಲ್ಲ, ಸುತ್ತಣ ಹಳ್ಳಿಗಳ ಬಸುರಿಯರನ್ನು ಅದೇ ಕಣ್ಣಿನಿಂದ ಕಾಯಲು ಎಷ್ಟು ಕಾಲ ಬೇಕಾಯಿತೆಂದು ಮನಸ್ಸು ನೋಯುತ್ತದೆ.

ಕರ್ನಾಟಕದಲ್ಲಿ ಒಂದು ಲಕ್ಷ ಸಜೀವ ಜನನಗಳಿಗೆ ತಾಯಂದಿರ ಮರಣವು 2001–03ರಲ್ಲಿ 228 ಇದ್ದುದು 2018–20ರ ವೇಳೆಗೆ 69ಕ್ಕೆ ಇಳಿಯಿತು. ಇಷ್ಟು ಅಲ್ಪ ಕಾಲದಲ್ಲಿ ಒಂದು ನಾಡಿನ ಹೆಂಗಸರ ಪೂರ್ವಜನ್ಮದ ಕರ್ಮವೆಲ್ಲ ಬದಲಾಗದು. ಬದಲಾದುದು ಅವರ ಸುತ್ತಲಿದ್ದವರ ಚೇಷ್ಟೆ, ಗೀತೆ ಹೇಳುವ ಅರ್ಥದಲ್ಲಿ ಪ್ರಯತ್ನ. ಜನನದ ಪ್ರಮಾಣವೂ ಇಳಿದಿದೆ: 2019–21ರ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬಳು ಹೆಣ್ಣಿಗೆ ಸರಾಸರಿ 1.7 ಮಕ್ಕಳು. ದೇವರು ಕೊಟ್ಟುದನ್ನು ಬೇಡವೆನ್ನುವ ಕಾಲ ಬಂದಿತೆಂದು ಕೆಲವರು ಮರುಗುತ್ತಾರೆ. 1930ರಲ್ಲಿ ಮೈಸೂರು ಸರ್ಕಾರವು ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಹೊರಟಾಗಲೂ ಅನೇಕರ ಮನಸ್ಸಿನಲ್ಲಿ ಈ ಶಂಕೆಯೇ ಇದ್ದಿರಬೇಕು. ಆದರೆ ಒಂಬತ್ತು ಹೆತ್ತವಳು ಒಂಬತ್ತನ್ನೂ ಬಯಸಿ ಹೆತ್ತಳೆ, ಅಥವಾ ನಾಲ್ಕಾದರೂ ಉಳಿಯಲೆಂದು ಹೆತ್ತಳೆ ಎಂದು ಅವಳನ್ನು ಕೇಳಿದವರಾರು? ಹುಟ್ಟಿದುದು ಉಳಿಯುತ್ತದೆಂಬ ಭರವಸೆ ದೊರೆತಲ್ಲಿ ಎರಡಕ್ಕೆ ತೃಪ್ತಳಾಗುವ ತಾಯಿಯಲ್ಲಿ ಅಶ್ರದ್ಧೆಯನ್ನು ನಾನು ಕಾಣಲಾರೆ.

ಆರನೆಯ ರಾತ್ರಿ ತೊಟ್ಟಿಲ ಪಕ್ಕದಲ್ಲಿ ದೀಪವನ್ನೂ, ದೇವಿ ಬರೆಯಲೆಂದು ಕಾಗದ ಲೇಖನಿಗಳನ್ನೂ ಇಡುವ ಮನೆಗಳು ಇಂದಿಗೂ ಇವೆ, ಇರಲಿ. ಬೆಳಗಾದರೆ ಏಳನೆಯ ದಿನ. ಮೂರನೆಯ ದಿನ ಒಮ್ಮೆ ಬಂದು ಹೋದ ಆಶಾ ಕಾರ್ಯಕರ್ತೆಯು ಮತ್ತೆ ಬರಬೇಕಾದ ದಿನ ಅದೇ. ಆಕೆ ಕೈ ತೊಳೆದುಕೊಂಡು, ಕೂಸಿನ ಮೈಬಿಸಿ ನೋಡಿ, ಜೋಳಿಗೆಯ ತಕ್ಕಡಿಯಲ್ಲಿ ತೂಗಿ, ಹೊಕ್ಕುಳು ಒಣಗಿದೆಯೇ ಎಂದು ಬಗ್ಗಿ ನೋಡಿ, ಬಾಣಂತಿಯನ್ನು ‘ಹಾಲು ಚೆನ್ನಾಗಿ ಕುಡೀತಾ ಇದೆಯೇನಮ್ಮ?’ ಎಂದು ವಿಚಾರಿಸಿ, ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ.